ಗಂಟೆ ಮುಟ್ಟದ ಹುಡುಗಿ

ಆ ಹುಡುಗಿಯ ಗಮನಕ್ಕೆ ಏನೂ ಆಗಿರಲಿಲ್ಲ. ಸುಟ್ಟಿದ್ದು ಅವಳ ಕೈ. ಸುಟ್ಟವಳು ಅವಳ ಅಜ್ಜಿ. ಸುಡುವ ಹಾಗೆ ಮಾತು ಹೇಳಿ ಕಳಿಸಿದವಳು ನಾನು. ಪರೀಕ್ಷೆಯ ಹಾಳೆಯ ಮೇಲೆ ಸೊನ್ನೆ ಬಂದದ್ದು ಇದರಿಂದ.

ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಇದನ್ನು ಬರೆಯುವಾಗ ಅಕ್ಷರ ತಿದ್ದಿಕೊಟ್ಟವಳು ಮಗನ ಮಗಳು, ಮಾತು ನನ್ನದು.

ಸಿಂಧನೂರಿನ ನಮ್ಮ ಓಣಿಯ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದೆ. ವಯಸ್ಸಾಯಿತು ಎಂದು ಬಿಡಿಸಿದ ವರ್ಷವೇ ಒಂದು ಕಾಲೇಜಿನಿಂದ ಒಬ್ಬ ಮೇಡಂ ಬಂದರು. ದಿನ ತುಂಬುವ ಮೊದಲೇ ಹುಟ್ಟಿ ಉಳಿದುಕೊಂಡ, ಈಗ ನಾಲ್ಕೈದು ವರ್ಷದ ಮಕ್ಕಳು ಒಂದೇ ಕೆಲಸದ ಮೇಲೆ ಎಷ್ಟು ಹೊತ್ತು ಗಮನ ಇಡಬಲ್ಲರು ಎಂದು ನೋಡುವುದು ಅವರ ಕೆಲಸ. ಸಾಲೆಗೆ ಸೇರುವ ಮೊದಲೇ ಕೊರತೆ ಗೊತ್ತಾದರೆ ಆಟದಲ್ಲೇ ತಿದ್ದಬಹುದಂತೆ. ಮೇಡಂ ಮೈಸೂರು ಕಡೆಯವರು. ಅವರ ಮಾತು ನಮ್ಮ ಮಕ್ಕಳಿಗೆ ಹತ್ತದು, ಮಕ್ಕಳ ಮಾತು ಅವರಿಗೆ ಹತ್ತದು. ನಡುವೆ ಕೂರಲು ಒಬ್ಬರು ಬೇಕಿತ್ತು. ಕೂತೆ.

ಕೆಲಸ ಹೀಗೆ. ತಾಯಿ ಕಾರ್ಡು ನೋಡಿ ಮಗುವಿಗೆ ಎರಡು ವಯಸ್ಸು ಬರೆಯಬೇಕು, ಹುಟ್ಟಿದ ದಿನದಿಂದ ಒಂದು, ಹುಟ್ಟಬೇಕಾಗಿದ್ದ ದಿನದಿಂದ ಒಂದು. ಕೋಣೆಯಲ್ಲಿ ಚಾಪೆ, ಗಿಡ್ಡ ಮೇಜು, ಮೇಜಿನ ಮೇಲೆ ಹಿತ್ತಾಳೆಯ ಗಂಟೆ. ಆಫೀಸಿನಲ್ಲಿ ಜವಾನನನ್ನು ಕರೆಯಲು ಇಟ್ಟಿರುತ್ತಾರಲ್ಲ, ಮೇಲೆ ಬಡಿದರೆ ಟಿಣ್ ಎನ್ನುವಂಥದ್ದು. ಮೇಡಂ ಅರವತ್ತು ಚಿತ್ರಗಳನ್ನು ಒಂದೊಂದಾಗಿ ತಿರುವುತ್ತಾರೆ. ಒಂದು ಚಿತ್ರಕ್ಕೆ ಮೂರೇ ಸೆಕೆಂಡು. ನಾಯಿ, ಬಸ್ಸು, ಕೊಡ, ಆಡು, ಕುರಿ ಬಂದರೆ ಸುಮ್ಮನಿರಬೇಕು. ಆಕಳು ಬಂದರೆ ಗಂಟೆ ಬಡಿಯಬೇಕು. ಅರವತ್ತರಲ್ಲಿ ಹನ್ನೆರಡು ಆಕಳು. ನಾನು ಮಗುವಿನ ಪಕ್ಕಕ್ಕೆ ತುಸು ಹಿಂದೆ ಕೂತು, ಬಡಿದದ್ದಕ್ಕೆ ಒಂದು ಗೀಟು, ತಪ್ಪಿದ್ದಕ್ಕೆ ಸೊನ್ನೆ ಹಾಕುತ್ತಿದ್ದೆ. ಮಗುವಿನ ಮುಖ ನೋಡಿ ನಗಬಾರದು, ತಲೆ ಆಡಿಸಬಾರದು, ಶಹಬ್ಬಾಸ್ ಅನ್ನಬಾರದು.

ಮೊದಲ ವಾರ ಸಿಂಧನೂರಿನಲ್ಲಿ ಎಲ್ಲ ಕೆಟ್ಟಿತು. ಮೇಡಂ 'ಹಸು ಬಂದರೆ ಬಡಿ' ಎಂದರು, ನಮ್ಮ ಮಕ್ಕಳು ಬಾಯಿ ಬಿಟ್ಟುಕೊಂಡು ಕೂತವು. ನಾನು 'ಆಕಳ' ಎಂದ ಮೇಲೆ ಕೈ ಎತ್ತಿದವು. ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಬಂಗಾಳಿ ಮಗುವೊಂದಕ್ಕೆ ಅದೂ ತಿಳಿಯಲಿಲ್ಲ. ಅದರ ತಾಯಿಯಿಂದ 'ಗೊರು' ಎಂಬ ಮಾತು ಕಲಿತು ಹೇಳಿದೆ. ಆ ಮಗು ಹನ್ನೆರಡಕ್ಕೆ ಹನ್ನೊಂದು ಬಡಿಯಿತು.

ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಒಂದೇ ಸಲದ ಅಂಕವನ್ನು ನಂಬಬಾರದು. ಒಂಬತ್ತನೆಯ ದಿನ ಮತ್ತೆ ಕೂರಿಸಬೇಕು. ಎರಡೂ ಆಗುವ ತನಕ ಮನೆಯವರಿಗೆ ಏನೂ ಹೇಳಬಾರದು.

ಎರಡನೇ ವಾರ ಲಿಂಗಸುಗೂರಿನಲ್ಲಿ ಒಂದು ಸಾಲೆಯ ಕೋಣೆ ಸಿಕ್ಕಿತು. ಶುಕ್ರವಾರ ಗುರುಗುಂಟಾದಿಂದ ಒಂದು ಮನೆಯವರು ಬಂದರು: ಏಳು ತಿಂಗಳಿಗೆ ಹುಟ್ಟಿದ ನಾಲ್ಕೂವರೆ ವರ್ಷದ ಹುಡುಗಿ, ಅವಳ ಅಪ್ಪ, ಅವ್ವ, ಅಪ್ಪನ ತಾಯಿ. ಅಪ್ಪ ಕುರಿ ವ್ಯಾಪಾರದವನು. ಅಜ್ಜಿ ನನ್ನ ವಯಸ್ಸಿನವಳೇ. ಹುಡುಗಿ ಚುರುಕು. ಗಂಟೆ ಕಂಡದ್ದೇ ಆಸೆಯಾಯಿತು ಅವಳಿಗೆ. ಆಕಳಿಗೆ ಎಂಟು ಸಲ ಬಡಿದಳು, ಆಡಿಗೆ ಎರಡು ಸಲ, ಬಸ್ಸಿಗೆ ಒಂದು ಸಲ, ಆಮೇಲೆ ಚಿತ್ರ ಇಲ್ಲದಿದ್ದರೂ ಸದ್ದಿಗಾಗಿ ನಾಲ್ಕು ಸಲ.

ಬಾಗಿಲ ಹೊರಗೆ ಅಜ್ಜಿ ನನ್ನನ್ನು ತಡೆದಳು.

"ಏನಂತಬೇ ಯಕ್ಕಾ?"

"ಇನ್ನೊಂದ್ಸಲ ಬರ್ರಿ, ಆಗ ಮೇಡಂ ಹೇಳ್ತಾರ."

"ಹೇಳೂವಂಗಿಲ್ಲ ಅಂದ್ರ ಭಾಳ ಕೆಟ್ಟೈತಿ ಅಂದಂಗಾತು. ಉಳೀತಾಳೋ ಇಲ್ಲೋ ಅಷ್ಟರ ಹೇಳು."

ನಮ್ಮ ಕಡೆ ಹೀಗೆ. ದವಾಖಾನೆ ಇರಲಿ, ಇಂಥ ಕೋಣೆ ಇರಲಿ, ಒಂದು ಮಾತು ಕೇಳದೆ ಜನ ಮೆಟ್ಟಿಲಿಳಿಯುವುದಿಲ್ಲ. ಬಾಯಿ ಮುಚ್ಚಿಕೊಂಡರೆ ಸಾವು ಮುಚ್ಚಿಟ್ಟಿದ್ದಾರೆ ಎಂದು ತಿಳಿಯುತ್ತಾರೆ. ಬಸ್ಸಿನ ಹೊತ್ತಾಗಿತ್ತು. ಅವರನ್ನು ಸಮಾಧಾನ ಮಾಡಿ ಕಳಿಸೋಣ ಎಂದು ನಾನು ಹೇಳಿಬಿಟ್ಟೆ:

"ಸಾಯೂ ಮಾತ್ಯಾಕ, ಬಿಡು. ಹುಡುಗಿ ಶಾಣ್ಯಾ ಅದಾಳ. ಕೈ ಒಂದು ನಿಲ್ಲವಲ್ದು. ಕಣ್ಣಿಗಿಂತ ಮುಂಚೇನ ಕೈ ಓಡತೈತಿ, ಅಷ್ಟ."

ಅಜ್ಜಿ ತಲೆ ಆಡಿಸಿದಳು. ನನಗೆ ಆಗಲೇ ತಿಳಿಯಬೇಕಿತ್ತು. ಹೊಟ್ಟೆ ಉಬ್ಬಿದರೆ ಹೊಟ್ಟೆಗೆ ಬರೆ, ತಲೆ ನಿಲ್ಲದಿದ್ದರೆ ಹಣೆಗೆ ಬರೆ, ಕೈ ನಿಲ್ಲದಿದ್ದರೆ ಕೈಗೆ. ಈ ಲೆಕ್ಕ ನನಗೆ ಚೆನ್ನಾಗಿ ಗೊತ್ತು. ನನ್ನ ಅತ್ತೆ ನನಗೆ ಕಲಿಸಿದ್ದಳು. ನನ್ನ ಮಗಳ ಎಂಟು ತಿಂಗಳಿಗೆ ಹುಟ್ಟಿದ ಕೂಸಿನ ಹೊಟ್ಟೆಗೆ ಊದುಬತ್ತಿಯಿಂದ ನಾಲ್ಕು ಚುಕ್ಕೆ ಇಟ್ಟವಳು ನಾನೇ. ಕೂಸು ಹನ್ನೊಂದನೆಯ ದಿನ ಸತ್ತಿತು. ಬರೆಯಿಂದ ಸತ್ತಿತೋ, ಹೇಗೂ ಸಾಯುವುದಿತ್ತೋ, ಯಾರೂ ಹೇಳಲಿಲ್ಲ. ಮಗಳು ಆವತ್ತಿನಿಂದ ನನ್ನ ಮನೆಯಲ್ಲಿ ನೀರು ಕುಡಿದಿಲ್ಲ.

ಒಂಬತ್ತನೆಯ ದಿನ ಶನಿವಾರ. ಲಿಂಗಸುಗೂರಿನ ಕೋಣೆ ಸಾಲೆಗೆ ಬೇಕಾಯಿತು, ನಾವು ಮಸ್ಕಿಯ ಒಂದು ಸಾಲೆಗೆ ಬಂದಿದ್ದೆವು. ಗುರುಗುಂಟಾದವರಿಗೆ ಫೋನ್ ಮಾಡಿ ಅಲ್ಲಿಗೇ ಕರೆಸಿದರು. ಅಪ್ಪ ಸಿಟ್ಟಿನಲ್ಲೇ ಬಂದ, ಎರಡು ಬಸ್ಸು ಹತ್ತಬೇಕಾಯಿತು ಎಂದು. ಈ ಸಲ ಅಜ್ಜಿ ಬಂದಿರಲಿಲ್ಲ. ಹುಡುಗಿಗೆ ಉದ್ದ ತೋಳಿನ ಅಂಗಿ. ಎರಡೂ ಕೈಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೂತಳು.

ಮೇಡಂ ಚಿತ್ರ ತಿರುವತೊಡಗಿದರು. ಕೊಡ. ಬಸ್ಸು. ಆಕಳು. ಹುಡುಗಿ ಕೈ ತೆಗೆಯಲಿಲ್ಲ. ನಾಯಿ. ಆಕಳು. ತೆಗೆಯಲಿಲ್ಲ. ನಾನು ಸೊನ್ನೆ ಹಾಕುತ್ತಾ ಹೋದೆ. ನಾಲ್ಕನೆಯ ಆಕಳಿಗೆ ಚಾಪೆ ಅಲುಗಿದ ಹಾಗಾಯಿತು. ಮುಖ ನೋಡುವುದನ್ನು ಬಿಟ್ಟು ಕೆಳಗೆ ನೋಡಿದೆ. ಆಡು ಬಂತು, ಅವಳು ಕಲ್ಲಿನ ಹಾಗೆ ಕೂತಿದ್ದಳು. ಆಕಳು ಬಂತು, ಬಲಗಾಲಿನ ಹಿಮ್ಮಡಿ ಒಂದು ಸಲ ನೆಲಕ್ಕೆ ಬಡಿಯಿತು. ಬಸ್ಸು, ಇಲ್ಲ. ಕುರಿ, ಇಲ್ಲ. ಆಕಳು, ಹಿಮ್ಮಡಿ. ನಾನು ಹಾಳೆಯ ಅಂಚಿನಲ್ಲಿ ಬೇರೆ ಗೀಟು ಹಾಕಲು ಶುರು ಮಾಡಿದೆ. ಮೊದಲ ಮೂರು ನನ್ನ ಗಮನಕ್ಕೆ ಬಂದಿರಲಿಲ್ಲ. ಉಳಿದ ಒಂಬತ್ತಕ್ಕೆ ಒಂಬತ್ತು. ಒಂದು ತಪ್ಪಿಲ್ಲ, ಒಂದು ಹೆಚ್ಚಿಲ್ಲ.

ಚಿತ್ರ ಮುಗಿದವು. ಮೇಡಂ ಹಾಳೆ ನೋಡಿ ಹುಬ್ಬು ಗಂಟಿಕ್ಕಿದರು.

"ಸೊನ್ನೆನಾ? ಹೋದ ಸಲ ಎಂಟು ಇತ್ತಲ್ಲಮ್ಮ."

"ಗಂಟಿದು ಸೊನ್ನಿ. ಆಕಿ ಹಿಮ್ಮಡಿಲೆ ಬಡದಾಳ್ರಿ. ಇಲ್ಲಿ ಗೀಟು ಹಾಕೀನಿ ನೋಡ್ರಿ."

"ಹಿಮ್ಮಡಿ ಲೆಕ್ಕಕ್ಕೆ ಬರಲ್ಲ. ಎಲ್ಲ ಮಕ್ಕಳಿಗೂ ಗಂಟೆನೇ. ಒಬ್ಬಳಿಗೆ ಬೇರೆ ನಿಯಮ ಮಾಡಿದರೆ ಎಲ್ಲ ಹಾಳಾಗುತ್ತೆ."

"ಯಾಕ ಗಂಟಿ ಮುಟ್ಟವಲ್ಲಳು ಅಂತರ ಕೇಳ್ರಿ ಮತ್ತ."

ಕೇಳುವ ಹೊತ್ತು ಸಿಗಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತಿದ್ದ ಅಪ್ಪ ಎಲ್ಲ ಕೇಳಿಸಿಕೊಂಡಿದ್ದ. ಒಳಗೆ ನುಗ್ಗಿ ಬಂದ.

"ಸೊನ್ನಿ ತರಾಕ ಎರಡು ಬಸ್ಸು ಹತ್ತಿ ಬಂದ್ಯಾ? ಬಡಿಲೇ ಗಂಟಿ! ಬಡಿ!"

ಕಂಕುಳಿನಿಂದ ಅವಳ ಬಲಗೈ ಕಿತ್ತು ಗಂಟೆಯ ಮೇಲೆ ಒತ್ತಿದ. ಆ ಹುಡುಗಿ ಕೂಗಿದ ರೀತಿಗೆ ಪಕ್ಕದ ಕೋಣೆಯ ಮಾಸ್ತರರು ಎದ್ದು ಬಂದರು. ಅವನು ಕೂಗಿದ್ದಕ್ಕೇ ಕಪಾಳಕ್ಕೆ ಹೊಡೆದ. ತಲೆ ಹೋಗಿ ಮೇಜಿನ ಅಂಚಿಗೆ ಬಡಿಯಿತು. ಹುಬ್ಬಿನ ಮೇಲೆ ಚರ್ಮ ಬಿರಿದು ರಕ್ತ ಕಣ್ಣೊಳಗೆ ಇಳಿಯಿತು.

ಗಂಟೆಯನ್ನು ಎತ್ತಿಕೊಂಡದ್ದು ನನಗೆ ನೆನಪಿದೆ. ಅದರ ತಳ ಭಾರ. ಅವನ ಕೆನ್ನೆಯ ಎಲುಬಿಗೆ ಬೀಸಿ ಹೊಡೆದೆ. ಅವನು ಗೋಡೆಗೆ ಒರಗಿ ಕೆಳಗೆ ಕೂತ. ಎರಡನೆಯ ಸಲ ಎತ್ತಿದಾಗ ಮಾಸ್ತರರು ನನ್ನ ತೋಳು ಹಿಡಿದರು. ಹಿಡಿಯದಿದ್ದರೆ ಹೊಡೆಯುತ್ತಿದ್ದೆ.

ಮೇಡಂ ಹುಡುಗಿಯನ್ನು ಎತ್ತಿಕೊಂಡು ಅಂಗೈ ಬಿಡಿಸಿದರು. ಅಂಗೈ ನಡುವೆ ಸೌಟಿನ ತಳದ ಅಗಲಕ್ಕೆ ಚರ್ಮ ಇರಲಿಲ್ಲ. ಅರಿಶಿನ, ಬೂದಿ ಮೆತ್ತಿ ಅದರ ಮೇಲೆ ಕೀವು ಕಟ್ಟಿತ್ತು. ಮೇಡಂ ನನ್ನ ಕಡೆ ನೋಡಿದರು.

"ಬರಿ ಹಾಕ್ಯಾರ್ರಿ," ಎಂದೆ. "ಕೈ ನಿಲ್ಲವಲ್ದು ಅಂತ ಆವತ್ತು ನಾನ ಹೇಳಿದ್ನಿ."

"ಹೇಳಬಾರದು ಅಂದಿದ್ದೆ."

"ಅಂದಿದ್ರಿ."

ಅವರು ಬಾಗಿಲು ತೋರಿಸಿದರು. ನಾನು ಹೊರಗೆ ಬಂದು ನಿಂತೆ.

ಒಳಗೆ ಅಪ್ಪ, ತನ್ನನ್ನು ಹೊಡೆದ ಈ ಮುದುಕಿಯನ್ನು ಜೈಲಿಗೆ ಹಾಕಿಸುತ್ತೇನೆ ಎಂದು ಕೂಗಾಡಿದ. ಮೇಡಂ ಯಾರು ಯಾರಿಗೋ ಫೋನ್ ಮಾಡಿದರು, ಮಗುವನ್ನು ಆಸ್ಪತ್ರೆಗೆ ಒಯ್ಯಿರಿ ಎಂದರು. ಅವನು ಕೇಳಲಿಲ್ಲ. ಹುಡುಗಿಯನ್ನು ಹೆಗಲಿಗೆ ಹಾಕಿಕೊಂಡು ನಡೆದ. ಹಿಂದೆ ಹೊರಟ ಹುಡುಗಿಯ ಅವ್ವ ನನ್ನ ಪಕ್ಕದಲ್ಲಿ ಚಪ್ಪಲಿ ಮೆಟ್ಟುವ ನೆಪ ಮಾಡಿ ಬಗ್ಗಿದಳು.

"ನಾಳಿ ಐತವಾರ, ಮತ್ತ ಹಾಕ್ತಾಳ್ರಿ ನಮ್ಮತ್ತಿ. ಮೂರು ಐತವಾರ ಅಂದಾಳ. ನಾಳಿ ಎಡಗೈಗೆ."

"ನೀ ಏನ್ ಮಾಡಾಕತ್ತಿದ್ದಿಬೇ? ಹೆತ್ತಾಕಿ ನೀನೋ ಆಕಿನೋ?"

"ಕಾಲು ನಾನ ಹಿಡದಿದ್ನಿ," ಎಂದಳು. ಅಷ್ಟು ಹೇಳಿ ಹೋದಳು.

ಮೇಡಂ ಹೊರಗೆ ಬಂದು, ಸೋಮವಾರ ಬೆಳಿಗ್ಗೆ ಅಧಿಕಾರಿಗಳು ಆ ಮನೆಗೆ ಹೋಗುತ್ತಾರೆ ಎಂದರು. ನೀವು ಆ ಕಡೆ ತಲೆ ಹಾಕಬೇಡಿ, ಇನ್ನು ಮುಂದೆ ಕೆಲಸಕ್ಕೂ ಬರಬೇಡಿ ಎಂದೂ ಹೇಳಿದರು. ಅವರದು ತಪ್ಪಲ್ಲ. ಆದರೆ ಸೋಮವಾರದ ಮೊದಲು ಭಾನುವಾರ ಬರುತ್ತದೆ. ಸಿಂಧನೂರಿಗೆ ಮರಳುವ ಬಸ್ಸಿನಲ್ಲಿ ನಾನು ತೀರ್ಮಾನ ಮಾಡಿದೆ. ಬರೆಯನ್ನು ದೀಪ ಹಚ್ಚುವ ಹೊತ್ತಿಗೇ ಹಾಕುತ್ತಾರೆ, ಹಗಲಿನಲ್ಲಿ ಹಾಕುವುದಿಲ್ಲ. ಅಷ್ಟರೊಳಗೆ ಅಲ್ಲಿ ಇರಬೇಕು.

ಭಾನುವಾರ ಲಿಂಗಸುಗೂರಿನಲ್ಲಿ ಬಸ್ಸು ತಪ್ಪಿತು. ಗುರುಗುಂಟಾದ ಕಡೆ ಹೊರಟಿದ್ದ ಮೇವಿನ ಟ್ರ್ಯಾಕ್ಟರಿನಲ್ಲಿ ಕೂತು ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕೆನ್ನೆ ಬಾತ ಕುರಿ ವ್ಯಾಪಾರಿ ಎಲ್ಲಿ ಎಂದು ಕೇಳಿದರೆ ಇಡೀ ಓಣಿ ನಕ್ಕು ದಾರಿ ತೋರಿಸಿತು.

ಅಂಗಳದ ಒಲೆ ಹೊತ್ತಿತ್ತು. ಹಿತ್ತಾಳೆ ಸೌಟು ಕೆಂಡದಲ್ಲಿತ್ತು. ಮುದುಕಿ ಹುಡುಗಿಯನ್ನು ತೊಡೆಗಳ ನಡುವೆ ಇರುಕಿಸಿಕೊಂಡು ಕೂತಿದ್ದಳು. ಅವ್ವ ಕಾಲು ಹಿಡಿಯಲು ಬಗ್ಗಿದ್ದಳು. ಹುಡುಗಿ ಅಳುತ್ತಿರಲಿಲ್ಲ, ಸೌಟನ್ನೇ ನೋಡುತ್ತಿದ್ದಳು.

"ಬಿಡು ಆಕಿನ್ನ," ಎಂದೆ.

"ನೀ ಯಾಕ ಬಂದಿ? ನನ್ನ ಮಗನ ಮಾರಿ ಒಡದು ಸಮಾಧಾನ ಆಗಿಲ್ಲೇನು?"

"ಕೈ ನಿಲ್ಲವಲ್ದು ಅಂದದ್ದು ನನ್ನ ತಪ್ಪು. ಆ ಮಾತು ಹಿಂದಕ ತಗೊಳ್ಳಾಕ ಬಂದೀನಿ."

"ಹೇಳಿದ ಮಾತು ಹಿಂದಕ ತಗೊಳ್ಳಾಕ ಅದೇನು ಸಂತ್ಯಾಗ ಕೊಂಡ ಬದನೀಕಾಯಿ ಏನ್? ಸರಿ ಅತ್ಲಾಗ!"

ಮುದುಕಿ ಸೌಟಿಗೆ ಕೈ ಹಾಕಿದಳು. ನಾನು ಅವಳ ತುರುಬು ಹಿಡಿದು ಹಿಂದಕ್ಕೆ ಎಳೆದೆ. ಅವಳು ಬಿದ್ದಳು, ಬೀಳುವಾಗ ಸೌಟು ಬಿಡಲಿಲ್ಲ. ಅದು ನನ್ನ ಮೊಣಕೈ ಕೆಳಗೆ ತಗುಲಿತು. ಚರ್ಮ ಚುರ್ ಎಂದದ್ದು ಮೊದಲು ಕೇಳಿಸಿತು, ಉರಿ ಆಮೇಲೆ ಬಂತು. ನಾನು ಅವಳ ಎದೆಯ ಮೇಲೆ ಮಂಡಿ ಊರಿ ಮಣಿಕಟ್ಟನ್ನು ನೆಲಕ್ಕೆ ಕುಟ್ಟಿದೆ, ಸೌಟು ಬೀಳುವ ತನಕ ಕುಟ್ಟಿದೆ. ಅವಳು ನನ್ನ ಭುಜ ಕಚ್ಚಿದಳು. ಇಬ್ಬರಿಗೂ ಮೊಮ್ಮಕ್ಕಳು. ಸುತ್ತ ಜನ ಸೇರಿದರು, ಬಿಡಿಸಲು ಯಾರೂ ಬರಲಿಲ್ಲ. "ಹಿಡಿಬೇ ಯಮ್ಮಾ, ಹಂಗ ಹಿಡಿ!" ಎಂದು ಒಬ್ಬ ಹುರಿದುಂಬಿಸಿದ. ಯಾರಿಗೆ ಹೇಳಿದನೋ ತಿಳಿಯಲಿಲ್ಲ.

ಅಷ್ಟರಲ್ಲಿ ಅಪ್ಪ ಬಂದ. ಅವನ ಒಂದು ಕಣ್ಣು ಮುಚ್ಚಿಕೊಂಡಿತ್ತು. ನನ್ನ ಸೆರಗು ಹಿಡಿದು ಎಳೆದು ಗೋಡೆಗೆ ನೂಕಿದ. ಇನ್ನೇನು ಹೊಡೆಯುತ್ತಾನೆ ಎನ್ನುವಾಗ ಹೇಳಿದೆ:

"ಬಡಿ. ಬಡಿಯೂಕಿಂತ ಮುಂಚೆ ನಿನ್ನ ಮಗಳ ಪರೀಕ್ಷಾ ನೀನ ಮಾಡು. ಗಂಟಿ ಬ್ಯಾಡ, ಮೇಡಂ ಬ್ಯಾಡ, ನಾ ಬ್ಯಾಡ. ದನ ಮನಿಗೆ ಬರಾಕತ್ಯಾವಲ್ಲ, ಕಟ್ಟಿ ಮ್ಯಾಲ ಕೂತು ಆಕಿ ಕಾಲು ನಿನ್ನ ಕಾಲಮ್ಯಾಲ ಇಟ್ಕೊ. ಆಕಳ ಬಂದ್ರ ಒದಿಬೇಕು. ಎಮ್ಮಿ ಬಂದ್ರ, ಆಡು ಬಂದ್ರ ಸುಮ್ಮಕಿರಬೇಕು. ತಪ್ಪಿದ್ರ ನನ್ನ ಇದ ಅಂಗಳದಾಗ ಹೂಳು."

ಜನ ನಕ್ಕರು. ನಕ್ಕದ್ದೇ ನನ್ನನ್ನು ಉಳಿಸಿತು. ಎಲ್ಲರೆದುರು ಅವನು ಒಲ್ಲೆ ಎನ್ನುವ ಹಾಗಿರಲಿಲ್ಲ. ಹುಡುಗಿಯನ್ನು ಎತ್ತಿಕೊಂಡು ಹೋಗಿ ಕಟ್ಟೆಯ ಮೇಲೆ ಕೂತ. ನಾನು ದೂರ ನಿಂತೆ. ಹುಡುಗಿಗೆ ಏನು ಮಾಡಬೇಕೆಂದು ಒಂದೇ ಸಲ ಹೇಳಿದೆ. ಎರಡು ಸಲ ಹೇಳುವಂತಿಲ್ಲ, ಅದು ನಿಯಮ.

ದೂಳೆಬ್ಬಿಸಿಕೊಂಡು ಮಂದೆ ಬಂತು. ಮುಂದೆ ಕುರಿ, ಒಂದು ಓಣಿ ತುಂಬ. ಹುಡುಗಿ ಅಲುಗಲಿಲ್ಲ. ಎರಡು ಎಮ್ಮೆ. ಇಲ್ಲ. ಬಿಳಿ ಆಕಳು. ಹಿಮ್ಮಡಿ ಅಪ್ಪನ ಮೊಣಕಾಲ ಎಲುಬಿಗೆ ಬಿತ್ತು. ಆಡುಗಳ ನಡುವೆ ಒಂದು ಕರಿಯ ಆಕಳು, ಎಮ್ಮೆಯೇ ಎಂದು ನಾನೂ ತಿಳಿದಿದ್ದೆ. ಒದ್ದಳು. ಮೋಟರ್ ಸೈಕಲ್ಲು ಹಾರ್ನ್ ಹೊಡೆದು ನಡುವೆ ನುಗ್ಗಿತು, ಹುಡುಗಿಯ ಕಣ್ಣು ಅತ್ತ ಹೋಗಲೇ ಇಲ್ಲ. ಕರು ಬಂತು. ಒದೆಯಲಿಲ್ಲ. ಅಪ್ಪ, "ಅದೂ ಆಕಳಲ್ಲೇನಬೇ?" ಎಂದ. ಹುಡುಗಿ ಆವತ್ತು ಬಾಯಿ ಬಿಟ್ಟದ್ದು ಅದೊಂದೇ ಸಲ:

"ಅದು ಕರ."

ಸುತ್ತ ನಿಂತವರು ಬೆರಳು ಮಡಚುತ್ತಿದ್ದರು. ಕೊನೆಯ ದನ ಹೋಗುವ ಹೊತ್ತಿಗೆ ಹದಿನಾಲ್ಕು ಆಕಳು, ಹದಿನಾಲ್ಕು ಒದೆ. ಅಪ್ಪ ತನ್ನ ಮೊಣಕಾಲು ಸವರಿಕೊಂಡ. ಆಮೇಲೆ ಅವಳ ಅಂಗೈ ಬಿಡಿಸಿ ನೋಡಿದ. ಬಹಳ ಹೊತ್ತು ನೋಡಿದ.

"ಗಂಟಿ ಯಾಕ ಬಡೀಲಿಲ್ಲಬೇ?" ಎಂದು ಕೇಳಿದ. ಹುಡುಗಿ ಒಲೆಯ ಕಡೆ ನೋಡಿದಳು.

ಗಂಟೆಯೂ ಹಿತ್ತಾಳೆ, ಸೌಟೂ ಹಿತ್ತಾಳೆ. ಅದಕ್ಕೇ ಇರಬೇಕು. ನನಗೆ ಖಚಿತವಾಗಿ ಗೊತ್ತಿಲ್ಲ.

ಅವನು ಎದ್ದು ಹೋಗಿ ಬಿದ್ದಿದ್ದ ಸೌಟನ್ನು ಮತ್ತೆ ಕೆಂಡಕ್ಕೆ ತುರುಕಿದ. ಬಂದು ತನ್ನ ತಾಯಿಯ ಬಲಗೈ ಹಿಡಿದು ಒಲೆಯ ಕಡೆ ಎಳೆದ. ಮುದುಕಿ ನೆಲ ಗೀರುತ್ತಾ ಹೋದಳು. "ಮೂರು ಐತವಾರ," ಅಂದ ಅವನು. "ಮೂರು ಐತವಾರ ನಿನಗ ಹಾಕ್ತೀನಿ, ತಡಿ." ಆಗಲೂ ಜನ ನೋಡುತ್ತಲೇ ಇದ್ದರು. ಅರ್ಧ ತಾಸಿನ ಹಿಂದೆ ನಾನು ಯಾರ ಮಣಿಕಟ್ಟು ಕುಟ್ಟಿದ್ದೆನೋ ಅವಳ ಸೊಂಟ ತಬ್ಬಿ ಹಿಂದಕ್ಕೆ ಜಗ್ಗಿದೆ. ಅವನಿಗೆ ಯಾರನ್ನಾದರೂ ಸುಡಬೇಕಾಗಿತ್ತು.

ಕೆಂಡ ಆರಿಸಿದವಳು ಹುಡುಗಿಯ ಅವ್ವ. ಬಚ್ಚಲ ಕೊಡವನ್ನು ಎತ್ತಿ ತಂದು ಒಲೆಯ ಮೇಲೆ ಬೋರಲು ಹಾಕಿದಳು. ಹಬೆ ಎದ್ದು ಯಾರಿಗೂ ಯಾರೂ ಕಾಣಲಿಲ್ಲ. ಹಬೆಯೊಳಗಿಂದ ಅವಳ ದನಿ ಬಂತು:

"ಇನ್ನ ಈ ಮನ್ಯಾಗ ಯಾರರ ಸೌಟು ಕಾಸಿದ್ರ ನಾ ಹೋಗಿ ಬಾವಿಗೆ ಬೀಳಂಗಿಲ್ಲ. ನಿಮ್ಮನ್ನ ನೂಕತೀನಿ."

ಅಪ್ಪ ಕೈ ಬಿಟ್ಟ. ಹೊರಗೆ ಹೋದ, ಆ ದಿನ ಮರಳಿ ಬರಲಿಲ್ಲ. ನಾನು ಬಾಗಿಲಿಗೆ ಅಡ್ಡವಾಗಿ ಚಾಪೆ ಹಾಸಿಕೊಂಡು ಮಲಗಿದೆ. ಯಾರೂ ನನ್ನನ್ನು ಊಟಕ್ಕೆ ಕರೆಯಲಿಲ್ಲ. ಕರೆಯಬೇಕಾದ್ದೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹುಡುಗಿಯನ್ನೂ ಅವಳ ಅವ್ವನನ್ನೂ ಕರೆದುಕೊಂಡು ಲಿಂಗಸುಗೂರಿನ ದವಾಖಾನೆಗೆ ಹೋದೆ. ಅಧಿಕಾರಿಗಳು ಅಲ್ಲಿಗೇ ಬರಲಿ ಎಂದು ಮೇಡಂಗೆ ಫೋನ್ ಮಾಡಿ ಹೇಳಿದೆ. ಅವರು "ಆಯ್ತು" ಎಂದಷ್ಟೇ ಅಂದರು. ನರ್ಸಮ್ಮ ಕೈ ತೊಳೆಯುವ ಮೊದಲು ದಪ್ಪ ಪುಸ್ತಕ ತೆಗೆದು, ಹೇಗೆ ಸುಟ್ಟಿತು ಎಂದು ಕೇಳಿದಳು. ಅವ್ವ, ಒಲೆ ಮೇಲೆ ಬಿದ್ದಳು ಎನ್ನಲು ಬಾಯಿ ತೆರೆದಳು. ನಾನು ಅವಳ ತೋಳು ಹಿಡಿದೆ.

"ಕಾಸಿದ ಸೌಟು ಇಟ್ಟಾರ. ಇಟ್ಟಾಕಿ ಆಕಿ ಅಜ್ಜಿ, ಕಾಲು ಹಿಡದಾಕಿ ಈಕಿ. ಕೈ ನಿಲ್ಲವಲ್ದು ಅಂತ ಹೇಳಿ ಕಳಿಸಿದಾಕಿ ನಾನು. ಮೂರೂ ಮಂದಿನ್ನ ಬರ್ಕೊ."

"ಅಜ್ಜೀ, ಇದು ಪೊಲೀಸರಿಗೆ ಹೋಗತೈತಿ. ನಿನ್ನೂ ಕರೀತಾರ ನೋಡು."

"ಕರೀಲಿ."

ಅವಳು ಬರೆದು ಪುಸ್ತಕ ನನ್ನ ಕಡೆ ತಿರುಗಿಸಿದಳು. ಹೆಬ್ಬೆಟ್ಟಿನ ಶಾಯಿ ಡಬ್ಬಿಯನ್ನೂ ಮುಂದಕ್ಕೆ ತಳ್ಳಿದಳು. ನಾನು ಡಬ್ಬಿ ಸರಿಸಿ ಪೆನ್ನು ಕೇಳಿದೆ. ನನ್ನ ಹೆಸರನ್ನು ಪೂರ್ತಿ ಬರೆದು, ಮುಲಾಮು ಕೊಡುವ ಸಾಲಿಗೆ ಹೋಗಿ ನಿಂತೆ.